ಊರಿನಿಂದ ಬಂದವರನ್ನು ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗುವುದು?

ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಧಾರವಾಡದಿಂದ ಬಂದಿದ್ದ ಕಾಕಾ ಮತ್ತು ಕಾಕು ಇಬ್ಬರನ್ನೂ ನಾನು ಬೆಂಗಳೂರಿನ ಒಂದು ಹೆಸರುವಾಸಿ ಹೋಟೆಲಿನ ಮುಂದೆ ಒಂದೂಕಾಲು ಗಂಟೆ ನಿಲ್ಲಿಸಿದ್ದೆ. ಮನೆಯಿಂದ ಹೊರಟಾಗಲೇ ಒಂಬತ್ತೂವರೆಯಾಗಿತ್ತು. ಬಾಗಿಲಲ್ಲಿ ಹೆಸರು ಬರೆಸಿ ಹಿಂತಿರುಗಿ ನೋಡಿದಾಗ ಪಾದಚಾರಿ ಮಾರ್ಗದ ತುಂಬ ಜನ. ಕಾಕುಗೆ ಮೊಣಕಾಲು ನೋವಿದೆಯೆಂಬುದು ನನಗೆ ಗೊತ್ತಿತ್ತು, ಆದರೆ ಆ ಹೊತ್ತಿನಲ್ಲಿ ಅದು ನೆನಪಿಗೆ ಬರಲಿಲ್ಲ. ಅವರು ಏನನ್ನೂ ಹೇಳದೆ ಪಕ್ಕದ ಮುಚ್ಚಿದ ಅಂಗಡಿಯ ಮೆಟ್ಟಿಲಿನ ಮೇಲೆ ಸೆರಗು ಹೊದ್ದು ಕುಳಿತರು. ಕಾಕಾ ಮಾತ್ರ ಒಮ್ಮೆ ಮೆಲ್ಲಗೆ, “ತಮ್ಮಾ, ಇಲ್ಲೆ ಬಾಜೂಕ ಬ್ಯಾರೆ ಹೋಟೆಲ್ ಇಲ್ಲೇನು?” ಎಂದು ಕೇಳಿದರು. ಇಷ್ಟು ಹೊತ್ತು ಕಾದ ಮೇಲೆ ಬಿಟ್ಟು ಹೋಗುವುದು ಬೇಡವೆಂದು ನಾನೇ ಹಟ ಹಿಡಿದೆ. ಕೊನೆಗೆ ಒಳಗೆ ಜಾಗ ಸಿಕ್ಕಿತು, ದೋಸೆ ಬಂತು, ಮುಂದಿನ ಸರದಿಯವರು ನಮ್ಮ ಕುರ್ಚಿಗಳ ಹಿಂದೆಯೇ ನಿಂತಿದ್ದರಿಂದ ಹದಿನೈದು ನಿಮಿಷದೊಳಗೆ ಕಾಫಿ ಕುಡಿದು ಎದ್ದೆವು. ಮನೆಗೆ ಬಂದು ಕಾಲು ಚಾಚಿ ಕುಳಿತ ಮೇಲೆ ಕಾಕು ಹೇಳಿದ್ದು ಇಷ್ಟೇ: “ದ್ವಾಸಿ ಛಲೋ ಇತ್ತು, ಖರೆ. ಮಾತಾಡಾಕ ಆಗ್ಲಿಲ್ಲ ನೋಡು.”

ಆ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ್ದೇನೆ. ಅವರು ವರ್ಷಕ್ಕೊಮ್ಮೆ ಬರುತ್ತಾರೆ, ಬಂದರೆ ನಾಲ್ಕು ದಿನ ಇರುತ್ತಾರೆ. ಆ ನಾಲ್ಕು ದಿನಗಳಲ್ಲಿ ಹೊರಗೆ ಕುಳಿತು ಉಣ್ಣುವ ಹೊತ್ತು ಹೆಚ್ಚೆಂದರೆ ನಾಲ್ಕೈದು. ಅದರಲ್ಲಿ ಒಂದನ್ನು ನಾನು ನಗರದ ಹೆಸರನ್ನು ತೋರಿಸುವುದಕ್ಕೆ ಖರ್ಚು ಮಾಡಿದ್ದೆ. ಬೆಂಗಳೂರಿನಲ್ಲಿ ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಇಲ್ಲಿರುವ ಯಾರು ಬೇಕಾದರೂ ಉತ್ತರ ಹೇಳಬಲ್ಲರು. ಬಂದವರೊಡನೆ ಎಲ್ಲಿ ಕುಳಿತುಕೊಳ್ಳಬೇಕು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಎರಡಕ್ಕೂ ಒಂದೇ ಉತ್ತರವೆಂದು ನಾನು ಅಲ್ಲಿಯವರೆಗೆ ಭಾವಿಸಿದ್ದೆ.

ನಾವು ಹೆಮ್ಮೆಯಿಂದ ಹೆಸರು ಹೇಳುವ ಇಲ್ಲಿನ ಹೋಟೆಲುಗಳು ಪರಊರಿನವರನ್ನು ಉಪಚರಿಸಲೆಂದು ಹುಟ್ಟಿದವುಗಳಲ್ಲ. ಅವು ಸುತ್ತಲಿನ ಬಡಾವಣೆಯವರಿಗಾಗಿ, ಕಾಲೇಜಿಗೋ ಕಚೇರಿಗೋ ಹೋಗುವ ದಾರಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವವರಿಗಾಗಿ ಹುಟ್ಟಿದವು. ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಹೆಸರೇ ಅದು ಯಾರಿಗಾಗಿ ತೆರೆಯಿತು ಎಂಬುದನ್ನು ಹೇಳುತ್ತದೆ. ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಬಿಟ್ಟರೆ ಹೆಚ್ಚೇನೂ ಇಲ್ಲ. ಸಾಂಬಾರ್ ಕೊಡುವುದಿಲ್ಲ, ಚಟ್ನಿಯನ್ನು ಮಾತ್ರ ಕೇಳಿದಷ್ಟು ಹಾಕುತ್ತಾರೆ. ತಟ್ಟೆ ಹಿಡಿದು ರಸ್ತೆಯ ಬದಿಯಲ್ಲಿ ನಿಂತೇ ತಿನ್ನಬೇಕು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದ ಮೇಲೆ ನಗರದ ತುಂಬ ಹಬ್ಬಿದ ದರ್ಶಿನಿಗಳಂತೂ ಕುರ್ಚಿಯನ್ನೇ ತೆಗೆದುಹಾಕಿದವು. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆದು, ಕಣ್ಣೆದುರಿಗೇ ಹುಯ್ದ ದೋಸೆಯನ್ನು ಎತ್ತಿಕೊಂಡು, ಎದೆಮಟ್ಟದ ಮೇಜಿನ ಮುಂದೆ ನಿಂತು ತಿಂದು, ತಟ್ಟೆಯನ್ನು ಬಕೆಟ್ಟಿಗೆ ಹಾಕಿ ಹೊರಡುವ ಆ ಕ್ರಮದಿಂದಲೇ ಬೆಲೆ ಕೈಗೆಟುಕುವಂತೆ ಉಳಿಯುತ್ತದೆ. ಕಡಿಮೆ ಬೆಲೆಗೆ ಬಿಸಿಯಾದ, ಶುಚಿಯಾದ ತಿಂಡಿ ಕೊಡಬೇಕೆಂದರೆ ಗಂಟೆಗೆ ಎಷ್ಟು ಜನ ತಿಂದು ಎದ್ದರು ಎಂಬುದೇ ಲೆಕ್ಕ. ಗಿರಾಕಿ ಅಲ್ಲಿ ಸುಮ್ಮನೆ ಕುಳಿತರೆ ಹೋಟೆಲು ನಡೆಯುವುದಿಲ್ಲ. ಆದ್ದರಿಂದ ಅಂದು ಕಾಕುಗೆ ಮಾತಾಡಲು ಆಗದೇ ಇದ್ದುದು ಹೋಟೆಲಿನವರ ತಪ್ಪಲ್ಲ. ತಿಂಡಿಯ ಜಾಗಕ್ಕೆ ಭಾನುವಾರ ಹತ್ತು ಗಂಟೆಗೆ, ಮಾತಿನ ಆಸೆಯಿಂದ ಹೋದದ್ದು ನನ್ನ ತಪ್ಪು.

ಹಾಗೆಂದು ಹೆಸರಿರುವ ಜಾಗಗಳನ್ನು ಬಿಟ್ಟುಬಿಡುವುದೂ ಸರಿಯಲ್ಲ. ಬರುವವರಿಗೆ ಆ ಹೆಸರುಗಳ ಮೇಲೆ ನಿಜವಾದ ಆಸೆ ಇರುತ್ತದೆ. ಊರಿಗೆ ಹಿಂತಿರುಗಿದ ಮೇಲೆ ನೆರೆಯವರು ‘ಎಂಟಿಆರ್‌ಗೆ ಹೋಗಿದ್ದಿರೇನು?’ ಎಂದು ಕೇಳುತ್ತಾರೆ, ಆಗ ಹೌದೆನ್ನಬೇಕೆಂಬ ಆಸೆಯಲ್ಲಿ ಕೀಳಾದದ್ದೇನೂ ಇಲ್ಲ. ಮರುವರ್ಷ ಅವರು ಬಂದಾಗ ನಾನು ಬದಲಾಯಿಸಿದ್ದು ದಿನ ಮತ್ತು ಹೊತ್ತನ್ನು ಮಾತ್ರ. ಈಗ ವಂದೇ ಭಾರತ್ ರೈಲು ಇರುವುದರಿಂದ ಮಧ್ಯಾಹ್ನ ಧಾರವಾಡ ಬಿಟ್ಟವರು ರಾತ್ರಿ ಊಟದ ಹೊತ್ತಿಗೆ ಬೆಂಗಳೂರಿನಲ್ಲಿರುತ್ತಾರೆ, ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ ಬಂದ ಆಯಾಸವಿರುವುದಿಲ್ಲ. ಬೆಳಗಾಗುವ ಮೊದಲೇ ಏಳುವ ಅಭ್ಯಾಸ ಅವರಿಗೆ ಹೇಗೂ ಇದೆ. ಬುಧವಾರ ಬೆಳಿಗ್ಗೆ ಆರಕ್ಕೆಲ್ಲ ಹನುಮಂತನಗರದ ಮನೆಯಿಂದ ಆಟೋದಲ್ಲಿ ಹೊರಟು ಲಾಲ್‌ಬಾಗಿಗೆ ಹೋದೆವು. ಹೈದರಾಲಿ 1760ರಲ್ಲಿ ಆರಂಭಿಸಿದ ತೋಟದೊಳಗೆ, ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಬಂಡೆಯ ಬುಡದಲ್ಲಿ ಕಾಕು ಕುಳಿತರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ಕಾಕಾ ಮೇಲಿನ ಕೆಂಪೇಗೌಡರ ಗೋಪುರದವರೆಗೂ ಹತ್ತಿ ಬಂದರು. ಅಲ್ಲಿಂದ ಎಂಟಿಆರ್‌ಗೆ ಹೋಗುವಷ್ಟರಲ್ಲಿ ಏಳು ಗಂಟೆ. ಕಾಯಬೇಕಾಗಲಿಲ್ಲ. ಕಿಟಕಿಯ ಪಕ್ಕದ ಮೇಜು ಸಿಕ್ಕಿತು.

ಮೇಜಿನ ಮುಂದೆ ಕುಳಿತು ನಾನು ಆ ಹೋಟೆಲಿನ ಕಥೆಯನ್ನು ಕಾಕಾನಿಗೆ ಹೇಳಿದೆ. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ್ದು, ಈಗಿರುವ ಲಾಲ್‌ಬಾಗ್ ರಸ್ತೆಯ ಕಟ್ಟಡಕ್ಕೆ 1960ರಲ್ಲಿ ಬಂದದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿ ಬಂದು ಇಲ್ಲಿ ಶುಚಿತ್ವದ ಕಟ್ಟುನಿಟ್ಟನ್ನು ತಂದರು, ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಲಿ ಎಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನೀಯರು ಬರ್ಮಾ ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯ ಆ ಅಭಾವದಲ್ಲಿ ಇಡ್ಲಿಯನ್ನು ರವೆಯಲ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿಯಾಯಿತೆಂದು ಎಂಟಿಆರ್‌ನವರು ಹೇಳುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆಯನ್ನು ಇಳಿಸಬೇಕೆಂಬ ನಿಯಮ ಬಂದಾಗ, ಗುಣವನ್ನು ಇಳಿಸಲೊಪ್ಪದೆ ಹೋಟೆಲನ್ನೇ ಮುಚ್ಚಿ, ಕೆಲಸಗಾರರನ್ನು ಕೈಬಿಡದಿರಲು ಪುಡಿಗಳನ್ನೂ ಮಿಕ್ಸ್‌ಗಳನ್ನೂ ಮಾಡಿ ಮಾರತೊಡಗಿದ್ದು ಮುಂದೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಇದನ್ನೆಲ್ಲ ಕೇಳುತ್ತ ಕಾಕಾ ರವೆ ಇಡ್ಲಿಯನ್ನು ಸಾಗುವಿನಲ್ಲಿ ಅದ್ದುವುದನ್ನು ನಿಲ್ಲಿಸಿ, ಧಾರವಾಡದಲ್ಲಿ ಹಿಂದೆ ಜೋಳ ಸಿಗದಿದ್ದಾಗ ಅವರ ಮನೆಯಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಹೇಳತೊಡಗಿದರು. ನಾನು ಹಿಂದೆಂದೂ ಕೇಳಿರದ ಸಂಗತಿಗಳು ಅವು. ನನ್ನ ಅಪ್ಪ ಚಿಕ್ಕವನಿದ್ದಾಗ ರೇಷನ್ ಅಂಗಡಿಯ ಸಾಲಿನಲ್ಲಿ ಚೀಲವನ್ನೇ ತನ್ನ ಜಾಗದಲ್ಲಿ ನಿಲ್ಲಿಸಿ ಆಟಕ್ಕೆ ಹೋಗಿಬಿಡುತ್ತಿದ್ದನೆಂಬುದು ನನಗೆ ತಿಳಿದದ್ದು ಆ ಬೆಳಿಗ್ಗೆ.

ಹೊತ್ತಿನಷ್ಟೇ ಮುಖ್ಯವಾದದ್ದು ವಾರದ ರಜೆ. ಎಂಟಿಆರ್‌ಗೆ ಸೋಮವಾರ ರಜೆ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಭಾನುವಾರ. ಬಂದವರನ್ನು ಅಷ್ಟು ದೂರ ಕರೆದೊಯ್ದು ಮುಚ್ಚಿದ ಬಾಗಿಲನ್ನು ತೋರಿಸುವುದು ಬೇಡ. ಮತ್ತೊಂದು, ಈ ನಗರದಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ. ವೈಟ್‌ಫೀಲ್ಡಿನಲ್ಲಿ ಉಳಿದುಕೊಂಡವರನ್ನು ಸಂಜೆ ಕಾರಿನಲ್ಲಿ ಕೂರಿಸಿ ಮಲ್ಲೇಶ್ವರದ ಬೆಣ್ಣೆ ಮಸಾಲೆ ದೋಸೆಗೆ ಕರೆದುಕೊಂಡು ಬಂದರೆ, ಅಲ್ಲಿನ ಸಿಟಿಆರ್ ಹೋಟೆಲು ಮುಟ್ಟುವಷ್ಟರಲ್ಲಿ ಅವರಿಗೆ ಹಸಿವಿಗಿಂತ ಆಯಾಸವೇ ಹೆಚ್ಚಾಗಿರುತ್ತದೆ. ಮೆಟ್ರೋ ಬಂದ ಮೇಲೆ ಇದು ಸ್ವಲ್ಪ ಸುಲಭವಾಗಿದೆ. ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿಳಿದರೆ ವಿ.ವಿ. ಪುರದ ತಿಂಡಿಬೀದಿ ನಡೆಯುವಷ್ಟು ಹತ್ತಿರ, ಸಂಪಿಗೆ ರಸ್ತೆ ನಿಲ್ದಾಣದಲ್ಲಿಳಿದರೆ ಮಲ್ಲೇಶ್ವರ. ಆದರೂ ಮೊಣಕಾಲು ನೋವಿರುವವರಿಗೆ ಮೆಟ್ರೋ ನಿಲ್ದಾಣದಿಂದ ಹೋಟೆಲಿನವರೆಗಿನ ಹದಿನೈದು ನಿಮಿಷದ ನಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕುಳಿತು ಮಾತಾಡಬೇಕೆಂದರೆ ಬೇರೆ ಜಾಗಗಳಿವೆ. ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲಿನ ಮರಗಳ ಕೆಳಗೆ ಒಂದು ಕಾಫಿ ತರಿಸಿಕೊಂಡು ಕುಳಿತರೆ ಏಳಿರೆಂದು ಯಾರೂ ಹೇಳುವುದಿಲ್ಲ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಪತ್ರಕರ್ತರೂ ಕಲಾವಿದರೂ ದಶಕಗಳಿಂದ ಗಂಟೆಗಟ್ಟಲೆ ಕುಳಿತು ಮಾತಾಡುತ್ತ ಬಂದಿದ್ದಾರೆ. ಎಂ.ಜಿ. ರಸ್ತೆಯಿಂದ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದ ಇಂಡಿಯನ್ ಕಾಫಿ ಹೌಸ್ ಕೂಡ ಅಂಥದ್ದೇ. ಅಲ್ಲಿ ತಿಂಡಿ ಅದ್ಭುತವಾಗಿದೆಯೇ ಎಂದರೆ ನಾನು ಹಾಗೆನ್ನಲಾರೆ. ಹತ್ತು ವರ್ಷಗಳಾದ ಮೇಲೆ ಸಿಕ್ಕ ಗೆಳೆಯನೊಡನೆ ಕುಳಿತಾಗ ಕಟ್ಲೆಟ್ಟಿನ ರುಚಿಯ ಕಡೆ ಗಮನ ಹೋಗುವುದೂ ಇಲ್ಲ.

ನಾನು ಮಾಂಸ ತಿನ್ನುವವನಲ್ಲ. ಅದರಿಂದಾಗಿ ಬಹಳ ಕಾಲ ನನ್ನ ಅತಿಥಿಗಳಿಗೆ ನಾನು ತೋರಿಸಿದ ಬೆಂಗಳೂರು ಅರ್ಧ ಬೆಂಗಳೂರು ಮಾತ್ರ ಆಗಿತ್ತು ಎಂಬುದು ಕೋಲ್ಕತ್ತದ ಸ್ನೇಹಿತ ಹೆಂಡತಿ ಮಗಳೊಡನೆ ಬಂದಾಗ ಅರಿವಾಯಿತು. ಎರಡು ದಿನ ದೋಸೆ, ಇಡ್ಲಿ, ಬಿಸಿಬೇಳೆಬಾತ್‌ಗಳನ್ನು ಸಂತೋಷದಿಂದಲೇ ತಿಂದ ಅವನು, ಈ ಊರಿನ ಜನರೆಲ್ಲ ಸಸ್ಯಾಹಾರಿಗಳೇ ಎಂದು ಕೇಳಿದ. ಅವನ ತಿಳಿವಳಿಕೆಯನ್ನು ಹಾಗೆ ಮಾಡಿದವನು ನಾನೇ. ಮಂಡ್ಯದ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅವರು ಬಹಳ ಅಕ್ಕರೆಯಿಂದ ದಾರಿ ಹೇಳಿಕೊಟ್ಟರು: ಮಿಲಿಟರಿ ಹೋಟೆಲಿಗೆ ಹೋಗುವುದಾದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ತಡವಾದರೆ ಒಳ್ಳೆಯದೆಲ್ಲ ಖಾಲಿಯಾಗಿರುತ್ತದೆ. ಮೊದಲು ಮುದ್ದೆ ಮತ್ತು ನಾಟಿಕೋಳಿ ಸಾರು ಹೇಳಿ, ಆಮೇಲೆ ದೊನ್ನೆ ಬಿರಿಯಾನಿ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಹೊರಳಿಸಿ ನುಂಗಬೇಕೆಂಬುದನ್ನು ಮೊದಲೇ ತಿಳಿಸಿ, ಇಲ್ಲವಾದರೆ ಅವರಿಗೆ ಅದು ಅಂಟಂಟಾದ ಹಿಟ್ಟೆನಿಸುತ್ತದೆ. ಮಗುವಿಗೆ ಖಾರವಾಗುತ್ತದೆ, ಬೇಯಿಸಿದ ಮೊಟ್ಟೆ ಮತ್ತು ಅನ್ನ ಬೇರೆಯಾಗಿ ಕೇಳಿ.

ಹಳೆಯ ಮೈಸೂರಿನ ಭಾಗದಲ್ಲಿ ಬೋರ್ಡಿನ ಮೇಲೆ ‘ಮಿಲಿಟರಿ’ ಎಂದಿದ್ದರೆ ಒಳಗೆ ಮಾಂಸದ ಅಡುಗೆ ಇದೆಯೆಂದು ಅರ್ಥ. ಅನ್ನವನ್ನೇ ದಿನವೂ ಉಣ್ಣುವ ಬಂಗಾಳಿಯಾದ ಅವನಿಗೆ ಸಣ್ಣಕ್ಕಿಯ, ಪುದೀನ ಕೊತ್ತಂಬರಿಗಳಿಂದ ಹಸಿರಾದ ಆ ಬಿರಿಯಾನಿ, ಎಲೆಯ ದೊನ್ನೆಯಲ್ಲಿ ಹಬೆಯಾಡುತ್ತ ಬಂದಾಗ, ಅವನ ಊರಿನ ಆಲೂಗಡ್ಡೆ ಹಾಕುವ ಬಿರಿಯಾನಿಗಿಂತ ಇದು ಎಷ್ಟು ಬೇರೆ ಎಂಬುದನ್ನು ಹೆಂಡತಿಗೆ ವಿವರಿಸುತ್ತ ಎರಡು ದೊನ್ನೆ ಮುಗಿಸಿದ. ಅವನ ಹೆಂಡತಿ ಮುದ್ದೆಯನ್ನು ಮೂರನೆಯ ತುತ್ತಿಗೆ ಕಲಿತರು. ನಾನು ಅನ್ನ ಮೊಸರು ಕಲಸಿಕೊಂಡು ಎದುರಿಗೆ ಕುಳಿತಿದ್ದೆ. ಮಾಂಸದ ವಾಸನೆ ನನಗೆ ರೂಢಿಯಿಲ್ಲ, ನಿಜ, ಆದರೆ ಆ ಒಂದು ಗಂಟೆ ಸಹಿಸಬಾರದ್ದೇನೂ ಆಗಿರಲಿಲ್ಲ. ಅತಿಥಿಯ ತಟ್ಟೆ ನನ್ನ ನಾಲಗೆಯ ಎಲ್ಲೆಯೊಳಗೇ ಇರಬೇಕೆಂದು ಅಷ್ಟು ವರ್ಷ ಯಾಕೆ ಅಂದುಕೊಂಡಿದ್ದೆನೋ ತಿಳಿಯದು.

ಇದಕ್ಕೆ ತಿರುಗುಮುರುಗಾದ ಕಷ್ಟ ಅಹಮದಾಬಾದಿನಿಂದ ಬಂದ ಜೈನ ದಂಪತಿಗಳದ್ದು. ಸಸ್ಯಾಹಾರವೆಂದರೆ ಬೆಂಗಳೂರಿನಲ್ಲಿ ಏನು ಕಷ್ಟ ಎಂದು ನಾನು ನಿಶ್ಚಿಂತನಾಗಿದ್ದೆ. ಅವರು ನೆಲದೊಳಗೆ ಬೆಳೆಯುವ ಯಾವುದನ್ನೂ ತಿನ್ನುವುದಿಲ್ಲ, ಸೂರ್ಯಾಸ್ತದ ಮೇಲೆ ಉಣ್ಣುವುದಿಲ್ಲ. ಮಸಾಲೆ ದೋಸೆಯ ಪಲ್ಯವೆಂದರೆ ಆಲೂಗಡ್ಡೆ ಈರುಳ್ಳಿ, ಸಾಗುವಿನಲ್ಲಿ ಕ್ಯಾರೆಟ್ಟು, ಸಾಂಬಾರಿನಲ್ಲಿ ಈರುಳ್ಳಿ, ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ. ನಮಗೆ ನಿರಪಾಯವೆನಿಸುವ ತಟ್ಟೆಯಲ್ಲಿ ಅವರು ಮುಟ್ಟಬಹುದಾದದ್ದು ಬಹಳ ಕಡಿಮೆ. ಅವರು ಬರುವ ಮುಂಚೆಯೇ ಕೇಳಿ ತಿಳಿದುಕೊಳ್ಳಬೇಕೆಂಬ ಬುದ್ಧಿ ಅಷ್ಟರಲ್ಲಿ ಬಂದಿತ್ತಾದ್ದರಿಂದ, ಚಿಕ್ಕಪೇಟೆಯ ಕಡೆ ಗುಜರಾತಿ ಮಾರ್ವಾಡಿ ವ್ಯಾಪಾರಿಗಳು ಊಟ ಮಾಡುವ ಭೋಜನಾಲಯವೊಂದಕ್ಕೆ ಐದೂವರೆಗೇ ಹೋದೆವು. ಅಡುಗೆಯವರೊಡನೆ ಗುಜರಾತಿಯಲ್ಲಿ ಮಾತಾಡುತ್ತಲೇ ಆ ಹೆಂಗಸಿನ ಮುಖ ಅರಳಿತು. ಅವರು ಎಲ್ಲರೂ ಹೊಗಳುವ ಹೋಟೆಲುಗಳಲ್ಲಿ ಒಂದನ್ನೂ ನೋಡಲಿಲ್ಲ. ನನಗೂ ತೋರಿಸಬೇಕೆನಿಸಲಿಲ್ಲ.

ಎಲ್ಲರಿಗಿಂತ ಕಠಿಣವಾದ ಅತಿಥಿಗಳು ಹಿಂದೆ ಇಲ್ಲೇ ಇದ್ದು ಹೋದವರು. ಅಮೆರಿಕದಲ್ಲಿ ಇಪ್ಪತ್ತು ವರ್ಷಗಳಿಂದ ಇರುವ ನನ್ನ ಸಹಪಾಠಿಯೊಬ್ಬಳು ಕಳೆದ ಬಾರಿ ಬಂದಾಗ, ಮಲ್ಲೇಶ್ವರದ ನ್ಯೂ ಕೃಷ್ಣ ಭವನದಲ್ಲಿ ತನ್ನ ಮಕ್ಕಳಿಗೆ ಬಟನ್ ಇಡ್ಲಿ ತಿನ್ನಿಸಬೇಕೆಂದು ಮೊದಲೇ ಬರೆದಿದ್ದಳು. 1954ರಿಂದ ನಡೆಯುತ್ತಿದ್ದ ಆ ಹೋಟೆಲು 2023ರ ಡಿಸೆಂಬರಿನಲ್ಲಿ ಮುಚ್ಚಿತು ಎಂಬುದನ್ನು ಅವಳಿಗೆ ನಾನೇ ತಿಳಿಸಬೇಕಾಯಿತು. ಬದಲಿಗೆ ಯಾವ ಹೋಟೆಲನ್ನು ಹೇಳಿದರೂ ಅದು ಬದಲಿಯಾಗುವುದಿಲ್ಲವೆಂದು ನನಗೆ ಗೊತ್ತಿತ್ತು, ಏಕೆಂದರೆ ಅವಳು ಕೇಳುತ್ತಿದ್ದದ್ದು ಕಾಲೇಜು ಬಿಟ್ಟ ಮೇಲೆ ಅಮ್ಮನ ಜೊತೆ ಅಲ್ಲಿ ಕುಳಿತ ಸಂಜೆಯನ್ನು. ಅವಳ ಅಮ್ಮ ಈಗಿಲ್ಲ. ನಾವು ಸಂಪಿಗೆ ರಸ್ತೆಯಲ್ಲಿ ಆ ಕಟ್ಟಡವಿದ್ದ ಕಡೆಯೇ ನಡೆದು ಹೋಗಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಹದಿನೈದನೆಯ ಅಡ್ಡರಸ್ತೆಯ ವೀಣಾ ಸ್ಟೋರ್ಸ್‌ನಲ್ಲಿ ಇಡ್ಲಿ ತಿಂದೆವು. ಮಕ್ಕಳು ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು. ಅವಳು ನಿಂತುಕೊಂಡು ತಿನ್ನುತ್ತ ಅಮ್ಮನ ವಿಷಯವನ್ನೇ ಮಕ್ಕಳಿಗೆ ಹೇಳುತ್ತಿದ್ದಳು.

ಮತ್ತೆ ಕಾಕಾ ಕಾಕು ವಿಷಯಕ್ಕೆ ಬರುತ್ತೇನೆ. ನಮ್ಮ ಉತ್ತರ ಕರ್ನಾಟಕದವರು ಬಂದಾಗ ಇಲ್ಲಿರುವ ಬಂಧುಗಳು ಎರಡು ಬಗೆಯ ತಪ್ಪು ಮಾಡುತ್ತೇವೆ. ಬಂದ ಮೊದಲ ದಿನವೇ ರಾಜಾಜಿನಗರದ ಕಡೆಯ ಯಾವುದಾದರೂ ಖಾನಾವಳಿಗೆ ಕರೆದೊಯ್ದು ಜೋಳದ ರೊಟ್ಟಿ ಉಣ್ಣಿಸುತ್ತೇವೆ, ನಿನ್ನೆಯಷ್ಟೇ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ರೊಟ್ಟಿ ತಿಂದು ಬಂದವರಿಗೆ ಅದರಲ್ಲಿ ಏನೂ ವಿಶೇಷವಿರುವುದಿಲ್ಲ. ಇಲ್ಲವಾದರೆ ನಾಲ್ಕು ದಿನವೂ ಇಲ್ಲಿನ ಅನ್ನ ಸಾಂಬಾರನ್ನೇ ಬಡಿಸುತ್ತೇವೆ. ಬೆಲ್ಲ ಹಾಕಿದ ಇಲ್ಲಿನ ಸಾಂಬಾರ್ ಕಾಕುಗೆ ಎರಡು ದಿನ ರುಚಿಯೆನಿಸಿತು, ಮೂರನೆಯ ದಿನ ತಟ್ಟೆಯಲ್ಲಿಯೇ ಉಳಿಯಿತು. ಏನು ಬೇಕೆಂದು ಕೇಳಿದರೆ ಅವರು ಹೇಳುವವರಲ್ಲ. ರೊಟ್ಟಿ ಉಂಡು ಬೆಳೆದ ಹೊಟ್ಟೆಗೆ ಮೂರನೆಯ ದಿನ ರೊಟ್ಟಿಯ ನೆನಪು ತಾನಾಗಿ ಬರುತ್ತದೆಂಬುದು ನನಗೂ ನನ್ನ ಹಾಸ್ಟೆಲಿನ ದಿನಗಳಿಂದ ಗೊತ್ತು. ಆ ಮಧ್ಯಾಹ್ನ ಖಾನಾವಳಿಗೆ ಹೋದಾಗ, ಬಿಸಿ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಎದುರಿಗೆ ಬಂದಾಗ, ಕಾಕು ರೊಟ್ಟಿಯ ಅಂಚನ್ನು ಮುರಿದು ನೋಡಿ “ಕೈಲೆ ಬಡದಾರ” ಎಂದರು. ಯಂತ್ರದಲ್ಲಿ ಒತ್ತಿದ ರೊಟ್ಟಿಗೂ ಕೈಯಲ್ಲಿ ಬಡಿದ ರೊಟ್ಟಿಗೂ ಇರುವ ವ್ಯತ್ಯಾಸವನ್ನು ಅವರ ಬೆರಳು ಹೇಳಿತು. ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು ಮಾತಾಡಿಸಿ, ಆಕೆ ಬಾಗಲಕೋಟೆ ಕಡೆಯವಳೆಂದೂ ಮಕ್ಕಳು ಇಲ್ಲಿಯ ಶಾಲೆಯಲ್ಲಿ ಓದುತ್ತಿದ್ದಾರೆಂದೂ ತಿಳಿದುಕೊಂಡು ಬಂದರು.

ಬಿಲ್ಲಿನ ವಿಷಯವನ್ನೂ ಹೇಳಬೇಕು. ನಮ್ಮ ಕಡೆಯ ಹಿರಿಯರು ತಾವಿರುವಾಗ ಕಿರಿಯರು ದುಡ್ಡು ಕೊಡುವುದನ್ನು ಒಪ್ಪುವುದಿಲ್ಲ. ಬಿಲ್ಲು ಮೇಜಿಗೆ ಬಂದರೆ ಕಾಕಾ ಅದರಲ್ಲಿನ ಅಂಕಿಯನ್ನು ನೋಡುತ್ತಾರೆ. ಪಿಂಚಣಿಯಲ್ಲಿ ಬದುಕುವ ಮನುಷ್ಯನಿಗೆ ಆ ಅಂಕಿ ತಿಂದ ಊಟದ ಮೇಲೆ ಭಾರವಾಗಿ ಕೂರುತ್ತದೆ. ಆದ್ದರಿಂದ ಕೈ ತೊಳೆಯಲು ಹೋದಾಗಲೇ ಗಲ್ಲಾದಲ್ಲಿ ಹಣ ಕೊಟ್ಟು ಬರುತ್ತೇನೆ, ಮತ್ತು ಎಷ್ಟಾಯಿತೆಂದು ಅವರು ಊಹಿಸಿ ಮುಜುಗರಪಡುವಂಥ ಹೋಟೆಲಿಗೆ ಅವರನ್ನು ಕರೆದೊಯ್ಯುವುದಿಲ್ಲ. ಒಮ್ಮೆ ಮಾಲ್ ಒಂದರೊಳಗಿನ ದುಬಾರಿ ಹೋಟೆಲಿಗೆ ಕರೆದೊಯ್ದಿದ್ದಾಗ, ಮೆನುವಿನಲ್ಲಿ ಬೆಲೆಯ ಸಾಲನ್ನೇ ಓದುತ್ತ ಕುಳಿತ ಕಾಕಾ ಕೊನೆಗೆ ತಮಗೆ ಹಸಿವಿಲ್ಲವೆಂದು ಬರೀ ಸೂಪು ಹೇಳಿದ್ದನ್ನು ನಾನು ಮರೆತಿಲ್ಲ.

ಮೊನ್ನೆ ಕಾಕಾ ಫೋನು ಮಾಡಿದ್ದರು. ಶ್ರಾವಣ ಮುಗಿದ ಮೇಲೆ ಬರುತ್ತಾರಂತೆ, ಗುರುವಾರ ರಾತ್ರಿಯ ಹೊತ್ತಿಗೆ ಇಲ್ಲಿರುತ್ತಾರೆ. ಶುಕ್ರವಾರ ವಿದ್ಯಾರ್ಥಿ ಭವನ ಇರುವುದಿಲ್ಲ, ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಆರೂವರೆಗೇ ಹೋಗಿ ಕುಳಿತರೆ ಕಾಯುವ ಕಷ್ಟವಿಲ್ಲ, ಅಲ್ಲಿಂದ ಬಸವನಗುಡಿಯ ದೊಡ್ಡ ಗಣಪತಿಗೆ ಮೆಲ್ಲಗೆ ಆಟೋದಲ್ಲಿ ಹೋಗಬಹುದು. ರೊಟ್ಟಿಯನ್ನು ಭಾನುವಾರಕ್ಕೆ ಇಟ್ಟಿದ್ದೇನೆ. ಇದನ್ನೆಲ್ಲ ಹೇಳಿದಾಗ ಕಾಕಾ, ಆ ಖಾನಾವಳಿಯ ಬಾಗಲಕೋಟೆಯವಳು ಇನ್ನೂ ಅಲ್ಲೇ ಇದ್ದಾಳೆಯೇ ಎಂದು ವಿಚಾರಿಸಿದರು. ಹೋಗಿ ನೋಡಿಕೊಂಡು ಬಂದು ತಿಳಿಸುತ್ತೇನೆ ಎಂದೆ. ಆಕೆಗೆ ಕೊಡಲೆಂದು ಕಾಕು ಒಂದು ಡಬ್ಬಿ ಗುರೆಳ್ಳು ಹಿಂಡಿ ಕುಟ್ಟಿ ಇಡುತ್ತಾರಂತೆ.